ಒಂದೇ ಸ್ಟಿಕ್ಕಿಗೆ ಸ್ಟಿಕ್ಸ್

ನಮ್ಮ ಮನೆಯ ಟಿ.ವಿ. ಪಕ್ಕದ ಗೂಡಿನಲ್ಲಿ ಒಂದು ಸ್ಮರಣಿಕೆ ಇದೆ. ಮರದ ಪೀಠ, ಅದರ ಮೇಲೆ ಚಿನ್ನದ ಬಣ್ಣದ ಪ್ಲಾಸ್ಟಿಕ್ ಮನುಷ್ಯ, ಅವನ ಕೈಯಲ್ಲಿ ಕ್ರಿಕೆಟ್ ಬ್ಯಾಟು. ನನಗೆ ಅದನ್ನು ಕೊಟ್ಟದ್ದು ಹಾಕಿ ಪಂದ್ಯಾವಳಿಯಲ್ಲಿ. ಅದೂ ಆಡಿದ್ದಕ್ಕಲ್ಲ, ಮೈಕ್ ಹಿಡಿದು ಮಾತಾಡಿದ್ದಕ್ಕೆ. ಅಂಗಡಿಯಲ್ಲಿ ಹಾಕಿ ಆಡುವ ಮನುಷ್ಯರು ಮುಗಿದಿದ್ದರಂತೆ. ಅದನ್ನು ನಾನು ಮನ್ನಿಸಿಬಿಟ್ಟೆ. ಮನ್ನಿಸಲಾಗದ್ದು ಪೀಠದ ಮೇಲೆ ಇಂಗ್ಲಿಷಿನಲ್ಲಿ ಕೆತ್ತಿಸಿದ್ದ ಎರಡು ಪದ: ‘ಬೆಸ್ಟ್ ಕಾಮೆಂಟೇಟರ್ಸ್’. ಇರುವವನು ನಾನೊಬ್ಬ. ಕೊನೆಯ ‘ಸ್’ ಯಾರಿಗೆ ಎಂದು ಯೋಚಿಸುತ್ತ ಎರಡು ದಿನ ಊಟ ಸರಿಯಾಗಿ ಸೇರಲಿಲ್ಲ. ನನ್ನ ಹೆಂಡತಿ ಅದರ ಧೂಳು ಒರೆಸುತ್ತ, “ಸರಿಯಾಗೇ ಬರ್ದವ್ರೆ ಬಿಡಿ. ಇಬ್ಬರು ಮಾತಾಡೋವಷ್ಟನ್ನ ನೀವೊಬ್ರೇ ಮಾತಾಡ್ತೀರಲ್ಲ” ಎಂದಳು. ಅವಳು ಹಾಸನದ ಕಡೆಯವಳು, ಸಮಾಧಾನ ಹೇಳುವಾಗಲೂ ಚಿವುಟಿಯೇ ಹೇಳುತ್ತಾಳೆ.

ಈ ‘ಸ್’ ಎಂಬ ಅಕ್ಷರ ನನಗೆ ಚಿಕ್ಕಂದಿನಿಂದ ಕೊಟ್ಟಿರುವ ಕಾಟವನ್ನು ನಿಮಗೆ ಹೇಳಲೇಬೇಕು. ನಮ್ಮ ಅಪ್ಪ ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಪಕ್ಕದ ಒಂದು ಹಳ್ಳಿಯಲ್ಲಿ ನೆಲೆ ನಿಂತವರು. ಶುಂಠಿ, ಜೋಳ, ಒಂದಿಷ್ಟು ಭತ್ತ, ನಾಲ್ಕು ಎಮ್ಮೆ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಇಂಗ್ಲಿಷ್ ಮೇಷ್ಟ್ರು ನಮಗೆ ಮೊದಲ ದಿನವೇ ಕಲಿಸಿದ್ದು ಇಷ್ಟು: ಒಂದಾದರೆ ಎಸ್ ಇಲ್ಲ, ಒಂದಕ್ಕಿಂತ ಹೆಚ್ಚಾದರೆ ಎಸ್ ಹಚ್ಚು. ಭಾಷೆಯೊಂದು ಇಷ್ಟು ಸುಲಭ ಇರಬಹುದೆಂದು ನನಗೆ ಬಹಳ ಖುಷಿಯಾಗಿತ್ತು. ಮನೆಗೆ ಬಂದು ಕೊಟ್ಟಿಗೆಯ ಎಮ್ಮೆಗಳಿಗೆಲ್ಲ ಎಸ್ ಹಚ್ಚಿ ಬಂದೆ.

ಆ ಖುಷಿ ಉಳಿದದ್ದು ಶಾಲೆಯ ಸ್ಪೋರ್ಟ್ಸ್ ದಿನದವರೆಗೆ. ಗೋಣಿಚೀಲದ ಓಟದಲ್ಲಿ ನಾನು ಮೂರನೆಯವನಾಗಿ ಬಂದೆ. ಓಡಿದವರು ನಾಲ್ವರು, ನಾಲ್ಕನೆಯವನ ಚೀಲ ಹರಿದಿತ್ತು. ಬಹುಮಾನವಾಗಿ ಸಿಕ್ಕ ಸೋಪಿನ ಡಬ್ಬಿ ಹಿಡಿದು, ನಮ್ಮ ಡ್ರಿಲ್ ಮೇಷ್ಟ್ರು ಬೆಳ್ಯಪ್ಪನವರ ಹತ್ತಿರ ಓಡಿ, “ಸಾರ್, ನಾನು ಒಂದು ಸ್ಪೋರ್ಟ್‌ನಲ್ಲಿ ಗೆದ್ದೆ” ಎಂದೆ.

“ಸ್ಪೋರ್ಟ್ಸ್ ಅಂತ ಹೇಳು” ಎಂದರು.

“ಒಂದೇ ಸಾರ್ ಗೆದ್ದದ್ದು.”

“ಒಂದಾದ್ರೂ ಸ್ಪೋರ್ಟ್ಸೇ. ನೀನು ಸೋತಿದ್ರೂ ಸ್ಪೋರ್ಟ್ಸೇ. ಹೋಗಿ ನೀರು ಕುಡಿ.”

ಬೆಳ್ಯಪ್ಪ ಮೇಷ್ಟ್ರು ಹುದಿಕೇರಿ ಕಡೆಯ ಕೊಡವರು. ಎತ್ತರದ ಆಳು, ಕೊರಳಲ್ಲಿ ಸೀಟಿ, ಕಂಕುಳಲ್ಲಿ ಹಾಕಿ ಸ್ಟಿಕ್ಕು. ನಮ್ಮ ಕಡೆಯ ಮಕ್ಕಳಿಗೆ ಹಾಕಿ ಕಲಿಸಲೇಬೇಕೆಂದು ಹಟ ತೊಟ್ಟಿದ್ದರು. ನಮಗೆ ಸ್ಟಿಕ್ಕು ಎಲ್ಲಿಂದ ಬರಬೇಕು? ಬಾಗಿದ ಸೀಬೆ ಕೊಂಬೆ ಕಡಿದು, ಬಿದಿರಿನ ಬೇರಿನ ಗಂಟನ್ನು ಚೆಂಡಿನಂತೆ ಕೆತ್ತಿ ಆಡುತ್ತಿದ್ದೆವು. ಆ ಗಂಟು ಮೊಣಕಾಲಿಗೆ ಬಡಿದರೆ ಎಂಟು ದಿನ ಕುಂಟಬೇಕು. ಆಗಿನ ಹಾಕಿಯಲ್ಲಿ ಆಟಗಾರ ಸ್ಟಿಕ್ಕನ್ನು ಭುಜಕ್ಕಿಂತ ಮೇಲೆ ಎತ್ತುವುದು ತಪ್ಪು, ಆ ತಪ್ಪಿನ ಹೆಸರು ‘ಸ್ಟಿಕ್ಸ್’. ನಾನು ದನಕ್ಕೆ ಬೀಸಿ ಅಭ್ಯಾಸವಾದವನು, ಪ್ರತಿ ಸಲವೂ ಎತ್ತುತ್ತಿದ್ದೆ. ಮೇಷ್ಟ್ರು ಪ್ರತಿ ಸಲವೂ ಸೀಟಿ ಊದಿ “ಸ್ಟಿಕ್ಸ್!” ಎಂದು ಕಿರುಚುತ್ತಿದ್ದರು. ಒಂದು ದಿನ ನಾನು ತಡೆಯಲಾರದೆ ಕೇಳಿಯೇಬಿಟ್ಟೆ: “ಸಾರ್, ನಾನು ಎತ್ತಿದ್ದು ಒಂದೇ ಸ್ಟಿಕ್ಕು. ಸ್ಟಿಕ್ಸ್ ಹೆಂಗಾಯ್ತದೆ?”

“ಒಂದು ನೀನು ಎತ್ತಿದ್ದು. ಇನ್ನೊಂದು ನಾನು ಈಗ ಎತ್ತುವುದು” ಎಂದು ಅಟ್ಟಿಸಿಕೊಂಡು ಬಂದರು. ಆಗ ಓಡಿದಷ್ಟು ಚೆನ್ನಾಗಿ ನಾನು ಆಟದಲ್ಲಿ ಎಂದೂ ಓಡಲಿಲ್ಲ.

ಇದೇ ಹೊತ್ತಿಗೆ ದೊಡ್ಡಪ್ಪನ ರೇಡಿಯೋದಲ್ಲಿ ಕ್ರಿಕೆಟ್ಟು ಬರುತ್ತಿತ್ತು. ಅಲ್ಲಿ ಮೊದಲನೆಯದೂ ಇನ್ನಿಂಗ್ಸ್, ಎರಡನೆಯದೂ ಇನ್ನಿಂಗ್ಸ್. ಒಂದು ಇನ್ನಿಂಗ್ ಎಂಬುದು ಎಲ್ಲಿ ಹೋಯಿತೆಂದು ಕೇಳಿದರೆ ದೊಡ್ಡಪ್ಪ ರೇಡಿಯೋ ಕೆಟ್ಟುಹೋದೀತೆಂಬ ಭಯದಿಂದ ನನ್ನನ್ನು ಹೊರಗೆ ಕಳಿಸುತ್ತಿದ್ದರು. ನಮ್ಮೂರಿನವರು ಮಾತ್ರ ಇಂಥ ಕಷ್ಟಕ್ಕೆ ಸಿಕ್ಕಿಬೀಳಲಿಲ್ಲ. ಅವರು ಇಂಗ್ಲಿಷಿನ ಎಸ್ಸನ್ನು ಇಟ್ಟುಕೊಂಡೇ ಮೇಲೊಂದು ‘ಗಳು’ ಹಾಕಿ ಭದ್ರ ಮಾಡಿದರು: ರನ್ಸ್‌ಗಳು, ಪ್ಲೇಯರ್ಸ್‌ಗಳು, ಶೂಸ್‌ಗಳು. ಇಷ್ಟು ಸಾಲದೆಂದು ‘ಎಲ್ಲಾ ಪ್ಲೇಯರ್ಸ್‌ಗಳೂ’ ಎನ್ನುತ್ತಿದ್ದರು. ಅಪ್ಪನದು ಇನ್ನೊಂದು ದಾರಿ. ಅವರ ಬಾಯಲ್ಲಿ ಎರಡು ಎತ್ತು, ನಾಲ್ಕು ಎಮ್ಮೆ, ಹತ್ತು ರನ್ನು. ಎಷ್ಟೆಂದು ಹೇಳಿಯಾದ ಮೇಲೆ ಇನ್ನೂ ಬಾಲ ಯಾಕೆ ಎಂಬುದು ಅವರ ವಾದ. ಈಗ ನಾನೇ ಕನ್ನಡ ಮೇಷ್ಟ್ರಾಗಿ ತಲೆ ನರೆಸಿಕೊಂಡಿದ್ದೇನೆ. ಅಪ್ಪನ ಮಾತೇ ಸರಿ ಎನ್ನಿಸುತ್ತದೆ.

ಕೆಲಸದ ಮೇಲೆ ನಾನು ಬಂದು ಬಿದ್ದದ್ದು ಹುದಿಕೇರಿಯ ಹತ್ತಿರದ ಒಂದು ಹೈಸ್ಕೂಲಿಗೆ, ಅಂದರೆ ನೇರವಾಗಿ ಬೆಳ್ಯಪ್ಪ ಮೇಷ್ಟ್ರ ಊರಿಗೇ. ನಿವೃತ್ತರಾಗಿ ಊರು ಸೇರಿದ್ದ ಅವರು ನನ್ನನ್ನು ಕಂಡವರೇ, “ಸ್ಟಿಕ್ಸ್! ನೀನು ಇನ್ನೂ ಬದುಕಿ ಉಂಟಾ?” ಎಂದು ಅಪ್ಪಿಕೊಂಡರು. ನನಗೆ ಬಾಡಿಗೆ ಮನೆ ಕೊಡಿಸಿದವರೂ ಅವರೇ. ಬೊಳ್ಳಮ್ಮ ಎಂಬವರ ಕಾಫಿ ತೋಟದ ಅಂಚಿನಲ್ಲಿ, ಹಿಂದೆ ತೋಟದ ಲೆಕ್ಕ ಬರೆಯುವ ರೈಟರ್ ಇರುತ್ತಿದ್ದ ಎರಡು ಕೋಣೆಯ ಮನೆ. ಅದರ ಹೆಸರು ‘ಕ್ವಾರ್ಟರ್ಸ್’. ಇರುವುದು ಒಂದೇ ಮನೆ. ನಾನು ಬಾಯಿ ತೆರೆಯುವುದರೊಳಗೆ ಹೆಂಡತಿ ಕಣ್ಣು ಬಿಟ್ಟಳು.

ಕೊಡಗಿನ ಬೇಸಿಗೆ ನಿಮಗೆ ಗೊತ್ತಿರಬಹುದು. ಕಾಫಿ ಪಿಕಿಂಗ್ ಮುಗಿದು, ಹೂಮಳೆ ಬಿದ್ದು, ಜನರ ಕೈ ಖಾಲಿಯಾದದ್ದೇ ತಡ, ಹಾಕಿ ಶುರು. ನಮ್ಮ ಊರಿನಲ್ಲೂ ಒಂದು ಸಣ್ಣ ಪಂದ್ಯಾವಳಿ ಇದೆ. ಆಡುವುದು ಕ್ಲಬ್ಬುಗಳಲ್ಲ, ಮನೆತನಗಳು. ಒಂದು ಮನೆಹೆಸರಿನವರೆಲ್ಲ ಸೇರಿ ಒಂದು ತಂಡ. ತಾತ ಗೋಲ್ ಕೀಪರ್, ಮಗ ಬ್ಯಾಕು, ಮೊಮ್ಮಗಳು ಫಾರ್ವರ್ಡು. ಮದುವೆಯಾಗಿ ಹೋದ ಹೆಣ್ಣುಮಗಳು ಗಂಡನ ಮನೆಗೂ ಆಡಬಹುದು, ತನ್ನ ತವರಿಗೂ ಆಡಬಹುದು. ತವರನ್ನು ಕೊಡವರು ತಾಮನೆ ಎನ್ನುತ್ತಾರೆ. ಒಂದು ವರ್ಷಕ್ಕೆ ಒಂದೇ ಮನೆ, ಅಷ್ಟೇ ಕಟ್ಟಳೆ. ಕೊಡವ, ಅರೆಭಾಷೆ, ಮಲಯಾಳ, ಉರ್ದು ಆಡುವ ನೋಡುಗರು ಎಲ್ಲರೂ ಇರುತ್ತಾರಾದ್ದರಿಂದ ಮೈಕಿನಲ್ಲಿ ಕನ್ನಡವೇ ಆಗಬೇಕೆಂದು ಮೇಷ್ಟ್ರು ನನ್ನನ್ನು ಎಳೆದು ಕೂರಿಸಿದರು. ಆಡಲು ಬಾರದವನಿಗೆ ಆಡುವವರ ಬಗ್ಗೆ ಮಾತಾಡುವ ಕೆಲಸ ಸಿಕ್ಕಿತು.

ಅಲ್ಲಿಗೆ ಬಂದರೆ ಎಸ್ಸಿಗಿಂತ ದೊಡ್ಡ ಸಂಕಟ ನನ್ನ ಕನ್ನಡದಲ್ಲೇ ಕಾದಿತ್ತು. ಮೊದಲ ವರ್ಷ ಸಹಜವಾಗಿ, ‘ಬಂದ, ಹೊಡೆದ, ಜಾರಿದ, ಬಿದ್ದ’ ಎಂದು ಹೇಳುತ್ತ ಹೋದೆ. ಪಂದ್ಯ ಮುಗಿದ ಮೇಲೆ ಬಿಳಿ ಮೀಸೆಯ ಒಬ್ಬರು ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತ ನನ್ನ ಮೇಜಿನ ಹತ್ತಿರ ಬಂದರು. ಸೈನ್ಯದಲ್ಲಿ ಕರ್ನಲ್ ಆಗಿದ್ದವರು.

“ಮಾಸ್ಟ್ರೇ, ನಾನು ಬಿದ್ದದ್ದು ನಿಜ. ಆದ್ರೆ ‘ಬಿದ್ದ’ ಎಂತದು?” ಎಂದರು.

ಮರುದಿನದಿಂದ ಎಲ್ಲರಿಗೂ ಬಹುವಚನ. ಎಂಟು ವರ್ಷದ ಹುಡುಗಿಯೂ ‘ಬಂದರು, ಹೊಡೆದರು’. ಹಾಗೆ ಎರಡು ಪಂದ್ಯ ಸಾಗಿದ ಮೇಲೆ ನನಗೆ ಹಿಡಿತ ತಪ್ಪಿ, “ಚೆಂಡು ಗೆರೆ ದಾಟಿ ಹೊರಗೆ ಹೋದರು” ಎಂದೆ. ಮೈದಾನದ ಒಂದು ಬದಿಯಿಂದ ಯಾರೋ, “ಅವರನ್ನು ವಾಪಸ್ ಕರೀರಿ ಮಾಸ್ಟ್ರೇ” ಎಂದು ಕೂಗಿದರು. ಆ ವರ್ಷವಿಡೀ ಪೇಟೆಯಲ್ಲಿ ನನ್ನನ್ನು ಕಂಡವರು ಚೆಂಡಿನ ಆರೋಗ್ಯ ವಿಚಾರಿಸುತ್ತಿದ್ದರು.

ಇನ್ನು ತಂಡದ ವಿಚಾರ. ಟಿ.ವಿ.ಯಲ್ಲಿ ಇಂಗ್ಲಿಷಿನವರು ತಂಡವನ್ನು ಒಮ್ಮೆ ಒಬ್ಬರಂತೆ, ಒಮ್ಮೆ ಹಲವರಂತೆ ಹೇಳುತ್ತಾರೆ. ನಾನು ಮನೆತನವನ್ನು ಏನೆನ್ನಲಿ? ‘ಈ ಮನೆ ಆಡುತ್ತಿದೆ’ ಎನ್ನಲೋ, ‘ಈ ಮನೆಯವರು ಆಡುತ್ತಿದ್ದಾರೆ’ ಎನ್ನಲೋ? ಬೆಳ್ಯಪ್ಪ ಮೇಷ್ಟ್ರನ್ನು ಕೇಳಿದೆ.

“ಆಸ್ತಿ ಪಾಲಿಗೆ ಕೂತಾಗ ಮನೆ ಅಂದ್ರೆ ಹಲವರು. ಕೆಲಸಕ್ಕೆ ಕರೆದಾಗ ಒಬ್ಬನೂ ಇಲ್ಲ. ನೀನು ಸ್ಕೋರ್ ಹೇಳು, ಸಾಕು” ಎಂದರು.

ನಗೆಯಾಡಿದ್ದಾಯಿತು. ಆದರೆ ಒಂದು ಮನೆತನಕ್ಕೆ ಈ ಪ್ರಶ್ನೆ ನಗೆಯದಾಗಿರಲಿಲ್ಲ. ಅದರ ಹೆಸರು ನೆಲ್ಲಿತೋಡಂಡ ಎಂದಿಟ್ಟುಕೊಳ್ಳಿ. ಹೆಸರುಗಳನ್ನು ನಾನು ಬದಲಿಸಿದ್ದೇನೆ. ನಿಜವಾದದ್ದನ್ನು ಬರೆದರೆ ಮುಂದಿನ ಬೇಸಿಗೆಯಲ್ಲಿ ನನ್ನ ಕೈಗೆ ಮೈಕ್ ಸಿಗುವುದಿಲ್ಲ. ಈ ನೆಲ್ಲಿತೋಡಂಡದವರು ಎಣಿಸಿದರೆ ಬೆರಳು ಮುಗಿಯುವಷ್ಟೂ ಇಲ್ಲ. ಹಾಕಿಯಲ್ಲಿ ಹನ್ನೊಂದು ಜನ ಬೇಕು. ಕಡಿಮೆಯೆಂದರೆ ಏಳು ಜನರಾದರೂ ಇದ್ದರೆ ಪಂದ್ಯ ಶುರು ಮಾಡಬಹುದು. ಹಿಂದಿನ ಎರಡು ವರ್ಷ ಅವರಿಗೆ ಏಳು ಆಗಲಿಲ್ಲ, ಎದುರಿನವರಿಗೆ ಆಡದೆಯೇ ಗೆಲ್ಲುವ ವಾಕ್‌ಓವರ್ ಕೊಟ್ಟರು. ಮೂರು ವರ್ಷ ಸತತವಾಗಿ ಮೈದಾನಕ್ಕೆ ಇಳಿಯದ ಮನೆಯ ಹೆಸರನ್ನು ಪಟ್ಟಿಯಿಂದ ತೆಗೆದುಹಾಕುತ್ತಾರೆ. ಮತ್ತೆ ಸೇರಿಸುವ ಪದ್ಧತಿ ಇಲ್ಲ.

ಇದು ಮೂರನೆಯ ವರ್ಷ. ಅವರ ಎದುರು ಬಂದ ಮನೆ ಪೆರಿಯಕಂಡೆರ. ಅದು ಬಹಳ ದೊಡ್ಡ ಮನೆತನ. ಮನಸ್ಸು ಮಾಡಿದರೆ ಮೂರು ತಂಡ ಇಳಿಸಿ, ಅಂಪೈರುಗಳನ್ನೂ ಅವರೇ ಕೊಡಬಲ್ಲರು. ಇಲ್ಲೊಂದು ಗಂಟು ಉಂಟು. ನನ್ನ ಮನೆಯೊಡತಿ ಬೊಳ್ಳಮ್ಮನವರು ಹುಟ್ಟಿದ್ದು ನೆಲ್ಲಿತೋಡಂಡದಲ್ಲಿ, ಮದುವೆಯಾಗಿ ಬಂದದ್ದು ಪೆರಿಯಕಂಡೆರಕ್ಕೆ. ಮದುವೆಯಾದ ದಿನದಿಂದ ಅವರ ಹೆಸರಿನ ಹಿಂದಿನ ಮನೆಹೆಸರು ಬದಲಾಗಿ, ಅವರು ಪೆರಿಯಕಂಡೆರ ಬೊಳ್ಳಮ್ಮ. ವಯಸ್ಸು ಎಪ್ಪತ್ತರ ಹತ್ತಿರ. ಗಂಡ ಸುಬ್ಬಯ್ಯ ಮಾತು ಕಮ್ಮಿ, ಜೀಪು ಜಾಸ್ತಿ ಎಂಬಂಥ ಮನುಷ್ಯ.

ಪಂದ್ಯದ ದಿನ ಬೆಳಿಗ್ಗೆ ಹತ್ತು ಗಂಟೆಗೆ ನೆಲ್ಲಿತೋಡಂಡದವರು ಬಂದು ನಿಂತರು. ಬೊಳ್ಳಮ್ಮನವರ ತಮ್ಮ ಮಾದಪ್ಪ, ಅವರ ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಒಬ್ಬ ಸೊಸೆ, ಹನ್ನೆರಡು ವರ್ಷದ ಮೊಮ್ಮಗಳು. ಆರು ಜನ. ಏಳನೆಯವನು ಮಾದಪ್ಪನವರ ಅಣ್ಣನ ಮಗ. ಕಣ್ಣೂರಿನಿಂದ ಹೊರಟವನು, ಮಾಕುಟ್ಟದ ಘಾಟಿಯಲ್ಲಿ ಲಾರಿ ಅಡ್ಡ ನಿಂತು ಸಿಕ್ಕಿಹಾಕಿಕೊಂಡಿದ್ದ. ಅಲ್ಲಿ ಫೋನೂ ಸಿಗುವುದಿಲ್ಲ. ಮಾದಪ್ಪ ಆ ವರ್ಷ ಹೊಸ ಟೀ ಶರ್ಟು ಹೊಲಿಸಿದ್ದರು, ಬೆನ್ನ ಮೇಲೆ ಮನೆಹೆಸರು. ಹನ್ನೊಂದು ಹೊಲಿಸಿದ್ದರು. ಆರು ಮೈಮೇಲಿದ್ದವು, ಐದು ಪ್ಲಾಸ್ಟಿಕ್ ಕವರಿನಲ್ಲಿ ಬೆಂಚಿನ ಮೇಲೆ.

ನಮ್ಮಲ್ಲಿ ಬಾರದ ತಂಡವನ್ನು ಮೈಕಿನಲ್ಲಿ ಮೂರು ಸಲ ಕೂಗುವ ರೂಢಿ. ಐದೈದು ನಿಮಿಷಕ್ಕೆ ಒಂದು ಸಲ. ಮೂರನೆಯ ಸಲ ಕೂಗಿದ ಮೇಲೆ ವಾಕ್‌ಓವರ್. ಆಮೇಲೆ ದೇವರೇ ಬಂದು ನಿಂತರೂ ಆಡಿಸುವುದಿಲ್ಲ. ಕೂಗುವವನು ನಾನು. ಗಡಿಯಾರ ಹಿಡಿದು ಪಕ್ಕದಲ್ಲಿ ಕೂತವರು ಬೆಳ್ಯಪ್ಪ ಮೇಷ್ಟ್ರು. ಗಡಿಯಾರದ ವಿಷಯದಲ್ಲಿ ಅವರು ಹೆಂಡತಿಯ ಮಾತನ್ನೂ ಕೇಳಿದವರಲ್ಲ.

ಮೊದಲ ಸಲ ಕೂಗಿದೆ. ಎರಡನೆಯ ಸಲ ಕೂಗಿದೆ. ಆಗ ಪೆರಿಯಕಂಡೆರದವರ ಶಾಮಿಯಾನದಿಂದ ಬೊಳ್ಳಮ್ಮನವರು ಎದ್ದು, ಹಿಂದಕ್ಕೆ ನೆರಿಗೆ ಕಟ್ಟಿದ ರೇಷ್ಮೆ ಸೀರೆಯಲ್ಲಿ ನೇರವಾಗಿ ನನ್ನ ಮೇಜಿಗೆ ಬಂದರು.

“ಮಾಸ್ಟ್ರೇ, ಏಳನೆಯವಳು ನಾನು. ಸೀರೆ ಬದಲಿಸಿ ಬರ್ತೇನೆ. ಅಲ್ಲೀವರೆಗೆ ಮೂರನೇ ಸಲ ಕೂಗಬೇಡಿ.”

ನಾನು ಬೆಳ್ಯಪ್ಪ ಮೇಷ್ಟ್ರ ಮುಖ ನೋಡಿದೆ. ಅವರು ಗಡಿಯಾರ ನೋಡುತ್ತ, “ಇನ್ನು ನಾಲ್ಕು ನಿಮಿಷ ಉಂಟು. ಬಂದ್ರೆ ಸರಿ, ಇಲ್ಲದಿದ್ರೆ ಕೂಗುದೇ” ಎಂದರು.

“ಕೂಗಿದ್ರೆ ನೀವು ನಾಳೆಯಿಂದ ಬೇರೆ ಮನೆ ನೋಡಿಕೊಳ್ಳಿ” ಎಂದು ಬೊಳ್ಳಮ್ಮನವರು ಹೇಳಿದ್ದು ನನಗೆ, ಮೇಷ್ಟ್ರಿಗಲ್ಲ.

ಅಷ್ಟರಲ್ಲಿ ಸುಬ್ಬಯ್ಯನವರು ಜೀಪು ತಂದು ನಿಲ್ಲಿಸಿಯಾಗಿತ್ತು. ಅವರ ಮನೆಯ ಹುಡುಗರಿಗೆ ದಿಗಿಲು. ಒಬ್ಬ ಓಡಿಬಂದು, “ಎಂತ ದೊಡ್ಡಪ್ಪ, ನಮಗೆ ವಾಕ್‌ಓವರ್ ಸಿಕ್ತಿತ್ತು, ನೀವೇ ಡ್ರೈವರ್ ಆದ್ರೆ ಹೆಂಗೆ?” ಎಂದ. ಸುಬ್ಬಯ್ಯನವರು ಗೇರು ಹಾಕುತ್ತ, “ನಡೆದು ಗೆಲ್ಲಲಿಕ್ಕೆ ನಾಚಿಕೆ ಆಗುದಿಲ್ವಾ? ಓಡಿ ಗೆಲ್ಲಿ” ಎಂದರು. ಅವರು ಇಷ್ಟುದ್ದದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮನೆ ಒಂದೂವರೆ ಮೈಲಿ. ಹೋಗಿ ಬರಲು ಹತ್ತು ನಿಮಿಷ, ಸೀರೆ ಬಿಚ್ಚಿ ಪ್ಯಾಂಟು ಹುಡುಕಲು ಹತ್ತು ನಿಮಿಷ. ನನ್ನ ಬಳಿ ಇದ್ದದ್ದು ನಾಲ್ಕು ನಿಮಿಷ ಮತ್ತು ಒಂದು ಮೈಕು. ಮೂರು ನಿಮಿಷ ಮುಗಿಯುತ್ತಲೇ ಮೈಕ್ ಎತ್ತಿಕೊಂಡೆ.

“ಪ್ರೇಕ್ಷಕ ಮಹಾಶಯರೇ, ಮೂರನೆಯ ಕೂಗಿಗೆ ಮುನ್ನ ಒಂದು ಮುಖ್ಯ ಸಂಗತಿ. ನಾವೆಲ್ಲ ಸ್ಪೋರ್ಟ್ಸ್ ಎನ್ನುತ್ತೇವೆ. ಆದರೆ ಇದು ಒಂದೋ, ಹಲವೋ?” ಎಂದು ಶುರು ಹಚ್ಚಿದೆ.

ಶಾಮಿಯಾನಗಳಿಂದ ನರಳುವ ಸದ್ದು ಎದ್ದಿತು. ನಾನು ಬಿಡಲಿಲ್ಲ. ಇನ್ನಿಂಗ್ಸಿನ ಕಥೆ ಹೇಳಿದೆ. ಬಿಲಿಯರ್ಡ್ಸ್ ಆಡುವವನ ಮುಂದೆ ಇರುವ ಮೇಜು ಒಂದೇ ಅಲ್ಲವೇ ಎಂದು ಕೇಳಿದೆ. ಅಪ್ಪನ ಎಮ್ಮೆಗಳನ್ನು ಒಂದೊಂದಾಗಿ ಮೈದಾನಕ್ಕೆ ತಂದೆ. “ಮ್ಯಾಚ್ ಶುರು ಮಾಡಿ ಮಾಸ್ಟ್ರೇ!” ಎಂದು ಒಬ್ಬರು, “ಕರೆಂಟ್ ತೆಗೀರಿ!” ಎಂದು ಇನ್ನೊಬ್ಬರು ಕೂಗಿದರು. ಯಾರೋ ಕಡಲೆಕಾಯಿ ಸಿಪ್ಪೆ ಎಸೆದರು. ಬೆಳ್ಯಪ್ಪ ಮೇಷ್ಟ್ರು ನನ್ನ ತೊಡೆ ಚಿವುಟಿ, “ಟೈಮ್ ಆಯ್ತು, ಕೂಗು” ಎಂದರು. ಜೀಪಿನ ಸುಳಿವೇ ಇರಲಿಲ್ಲ. ನೆಲ್ಲಿತೋಡಂಡದ ಆರು ಜನ ಗೆರೆಯ ಮೇಲೆ ಸಾಲಾಗಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು.

ಆಗ ನಾನು ಒಂದು ಸುಳ್ಳು ಹೇಳಿದೆ. “ಹಿಂದೆ ಸ್ಟಿಕ್ಸ್ ಎಂಬ ತಪ್ಪಿತ್ತು. ಇಬ್ಬರು ಆಟಗಾರರು ಒಟ್ಟಿಗೆ ಸ್ಟಿಕ್ ಎತ್ತಿದರೆ ಮಾತ್ರ ಅದು ತಪ್ಪು. ಒಬ್ಬ ಎತ್ತಿದರೆ ತಪ್ಪಲ್ಲ. ಅದಕ್ಕೇ ಆ ಹೆಸರು.”

ಬೆಳ್ಯಪ್ಪ ಮೇಷ್ಟ್ರು ಕುರ್ಚಿಯಿಂದ ನೆಗೆದರು. “ಕೊಡಾ ಇಲ್ಲಿ!” ಎಂದು ಮೈಕ್ ಕಿತ್ತುಕೊಂಡು, “ಇವನ ಮಾತು ಯಾರೂ ನಂಬಬೇಡಿ. ಇವನು ನನ್ನ ಶಿಷ್ಯ, ಆಗಲೂ ದಡ್ಡನೇ. ಒಬ್ಬ ಎತ್ತಿದ್ರೂ ಸ್ಟಿಕ್ಸೇ! ಭುಜದ ಮೇಲೆ ಬಂದ್ರೆ ಸಾಕು!” ಎಂದು ನಿಯಮ ವಿವರಿಸತೊಡಗಿದರು. ನಿಯಮದಿಂದ ಹಳೆಯ ಕಾಲಕ್ಕೆ ಹೋದರು. ತಾವು ಆಡಿದ ಒಂದು ಸೆಮಿಫೈನಲ್ಲಿನಲ್ಲಿ ಅಂಪೈರು ಇಲ್ಲದ ಸ್ಟಿಕ್ಸ್ ಕೊಟ್ಟು ಗೋಲು ತಪ್ಪಿಸಿದ್ದನ್ನು, ಆ ಅಂಪೈರಿನ ಊರು ಕೇರಿ ಸಮೇತ ಹೇಳಿದರು. ಮುದುಕರೆಲ್ಲ ಶಾಮಿಯಾನ ಬಿಟ್ಟು ಹತ್ತಿರ ಬಂದರು. ಒಬ್ಬರು, “ಅದು ಸರಿಯಾದ ಸ್ಟಿಕ್ಸೇ, ನಾನಿದ್ದೆ ಅಲ್ಲಿ” ಎಂದರು. ಜಗಳ ಹತ್ತಿಕೊಂಡಿತು. ಗಡಿಯಾರ ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ನಾನು ಅದರ ಮೇಲೆ ನನ್ನ ಟೋಪಿ ಇಟ್ಟೆ.

ಜಗಳ ಇನ್ನೂ ಮುಗಿದಿರಲಿಲ್ಲ, ಜೀಪು ಮೈದಾನದೊಳಗೇ ನುಗ್ಗಿತು. ಬೊಳ್ಳಮ್ಮನವರು ಇಳಿದರು. ಮನೆಯಲ್ಲಿ ಸಿಕ್ಕ ಮೊಮ್ಮಗಳ ನೇರಳೆ ಬಣ್ಣದ ಟ್ರ್ಯಾಕ್ ಪ್ಯಾಂಟು, ಗಂಡನ ಕ್ಯಾನ್ವಾಸ್ ಶೂ, ಕಿವಿಯಲ್ಲಿ ರೇಷ್ಮೆ ಸೀರೆಗೆ ಹಾಕಿದ್ದ ಓಲೆ ಹಾಗೇ. ಬೆಂಚಿನ ಮೇಲಿನ ಕವರು ಹರಿದು ಟೀ ಶರ್ಟನ್ನು ರವಿಕೆಯ ಮೇಲೆಯೇ ಎಳೆದುಕೊಂಡರು. ಬೆನ್ನ ಮೇಲೆ ನೆಲ್ಲಿತೋಡಂಡ ಎಂದು ಬಂತು. ಮಾದಪ್ಪ ಅಕ್ಕನನ್ನು ನೋಡಿ ಏನೋ ಹೇಳಲು ಹೋಗಿ, ಮುಖ ತಿರುಗಿಸಿ ಶೂ ಲೇಸು ಕಟ್ಟತೊಡಗಿದರು. ಅದು ಕಟ್ಟಿಯೇ ಇತ್ತು.

ಅಂಪೈರು ಸೀಟಿ ಊದಿದ. ಆಗ ಬೆಳ್ಯಪ್ಪ ಮೇಷ್ಟ್ರು ನನ್ನ ಟೋಪಿ ಎತ್ತಿ ನೋಡಿದರು. ನನ್ನನ್ನೂ ನೋಡಿದರು. “ನಿನ್ನನ್ನು ಅವತ್ತು ಸರಿಯಾಗಿ ಹೊಡೀಬೇಕಿತ್ತು” ಎಂದಷ್ಟೇ ಹೇಳಿ, ಗಡಿಯಾರಕ್ಕೆ ಕೀ ಕೊಟ್ಟರು.

ಪಂದ್ಯದ ಬಗ್ಗೆ ಹೆಚ್ಚು ಹೇಳಿ ಪ್ರಯೋಜನವಿಲ್ಲ. ಅತ್ತ ಹನ್ನೊಂದು, ಇತ್ತ ಏಳು. ಅರ್ಧ ಹೊತ್ತಿಗೆ ನಾಲ್ಕು ಗೋಲು. ಬೊಳ್ಳಮ್ಮನವರನ್ನು ಎಡಬದಿಯ ಗೆರೆಯ ಹತ್ತಿರ, ಚೆಂಡು ಬಾರದ ಕಡೆ ನಿಲ್ಲಿಸಿದ್ದರು. ಅವರು ಅಲ್ಲಿಂದಲೇ ಎರಡೂ ತಂಡಕ್ಕೆ ಸಮನಾಗಿ ಬೈಯುತ್ತಿದ್ದರು. ಒಂದು ಕಡೆ ತಮ್ಮನ ಮಕ್ಕಳು, ಇನ್ನೊಂದು ಕಡೆ ಮೈದುನನ ಮಕ್ಕಳು. ಬೈಯಲು ಅವರಿಗೆ ಎರಡೂ ಕಡೆ ಹಕ್ಕಿತ್ತು.

ದ್ವಿತೀಯಾರ್ಧದಲ್ಲಿ ಪೆರಿಯಕಂಡೆರದ ಪೊನ್ನಪ್ಪ ಎಂಬ ಹುಡುಗ ಚೆಂಡನ್ನು ಎಳೆಯುತ್ತ ಆ ಬದಿಗೇ ಬಂದ. ಅವನು ಮಡಿಕೇರಿಯ ಕಾಲೇಜಿನಿಂದ ಆ ಬೆಳಿಗ್ಗೆಯಷ್ಟೇ ಬಂದಿದ್ದ. ದೊಡ್ಡಮ್ಮನನ್ನು ಇನ್ನೂ ಮಾತಾಡಿಸಿರಲಿಲ್ಲ. ಕೊಡವರ ಮಕ್ಕಳು ಹಿರಿಯರ ಎದುರು ಬಂದರೆ ಬಗ್ಗಿ ಕಾಲು ಮುಟ್ಟಿ ನಮಸ್ಕರಿಸಬೇಕು. ಅದು ಕಲಿತದ್ದಲ್ಲ, ಮೈಗೆ ಹತ್ತಿದ್ದು. ಬೊಳ್ಳಮ್ಮನವರು ಸೊಂಟಕ್ಕೆ ಕೈಕೊಟ್ಟು ಅವನೆದುರು ನಿಂತರು. ಹುಡುಗ ಓಡುವುದು ನಿಲ್ಲಿಸಿದ. ಸ್ಟಿಕ್ಕನ್ನು ಎಡಗೈಗೆ ದಾಟಿಸಿ, ಬಗ್ಗಿ, ಅವರ ಕಾಲು ಮುಟ್ಟಿದ.

“ಚೆನ್ನಾಗಿರು ಮೋನೆ” ಎಂದು ಅವನ ತಲೆ ಮುಟ್ಟಿ ಹರಸಿ, ಬೊಳ್ಳಮ್ಮನವರು ಚೆಂಡು ತೆಗೆದುಕೊಂಡು ಹೊರಟರು.

ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು. ಪೊನ್ನಪ್ಪ ಬಗ್ಗಿದವನು ಬಗ್ಗಿದಂತೆಯೇ ಇದ್ದ. ಎದುರಿನ ಬ್ಯಾಕುಗಳು ಮುಂದೆ ಬಂದುಬಿಟ್ಟಿದ್ದರು. ಬೊಳ್ಳಮ್ಮನವರು ಐದು ಹೆಜ್ಜೆ ಹೋದರು, ಹತ್ತು ಹೆಜ್ಜೆ ಹೋದರು. ಮುಂದೆ ಇದ್ದವನು ಗೋಲ್ ಕೀಪರ್ ಒಬ್ಬನೇ. ನನಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ. ಕುರ್ಚಿ ಹತ್ತಿ, ಎದೆ ಒಡೆಯುವಂತೆ ಮೈಕಿನಲ್ಲಿ ಕಿರುಚಿದೆ: “ನೆಲ್ಲಿತೋಡಂಡ ಬೊಳ್ಳಮ್ಮ! ನೆಲ್ಲಿತೋಡಂಡ ಬೊಳ್ಳಮ್ಮ!”

ಬೊಳ್ಳಮ್ಮನವರು ನಿಂತುಬಿಟ್ಟರು. ತಿರುಗಿ ಮೈಕಿನ ಕಡೆ ನೋಡಿದರು. ನೋಡುತ್ತಲೇ ಇದ್ದರು. ಚೆಂಡು ಅವರ ಸ್ಟಿಕ್ಕಿನಿಂದ ಉರುಳಿ ಮುಂದೆ ಹೋಯಿತು, ಕೀಪರ್ ಬಂದು ಒದ್ದ, ಅದು ಅತ್ತ ಕಡೆ ಹೋಗಿ ಐದನೆಯ ಗೋಲಾಯಿತು. ಅವರಿಗೆ ಸಿಗಬಹುದಾಗಿದ್ದ ಒಂದೇ ಒಂದು ಗೋಲನ್ನು ನಾನು ಬಾಯಿಬಿಟ್ಟು ಕಳೆದಿದ್ದೆ.

ಪಂದ್ಯ ಏಳು-ಸೊನ್ನೆಗೆ ಮುಗಿಯಿತು. ನೆಲ್ಲಿತೋಡಂಡದ ಹೆಸರು ಪಟ್ಟಿಯಲ್ಲಿ ಉಳಿಯಿತೆಂದು ಬೆಳ್ಯಪ್ಪ ಮೇಷ್ಟ್ರು ತಾವೇ ಕೆಂಪು ಇಂಕಿನಲ್ಲಿ ಗುರುತು ಹಾಕಿದರು. ಮಾದಪ್ಪ ಸೋತವರಂತೆ ಕಾಣಲೇ ಇಲ್ಲ. ಗೆದ್ದವರ ಕೈ ಹಿಡಿದು ಕುಲುಕಿ ಕುಲುಕಿ ಅವರಿಗೇ ಸುಸ್ತು ಮಾಡಿದರು. ನಾನು ಮಾತ್ರ ಮೇಜಿನ ಹಿಂದೆ ಅಡಗಿ ಕಾಗದ ಜೋ‌ಡಿಸುತ್ತ ಕೂತೆ. ಮೈಕ್ ಸೆಟ್ಟಿನವನು ವೈರು ಸುತ್ತಿ ಪೆಟ್ಟಿಗೆಗೆ ತುಂಬಿಯಾಗಿತ್ತು. ಜನ ಊಟದ ಕಡೆ ಹೊರಟಿದ್ದರು. ಆಗ ಬೊಳ್ಳಮ್ಮನವರು ಕುಂಟುತ್ತ ನನ್ನ ಹತ್ತಿರ ಬಂದರು.

“ತಪ್ಪಾಯ್ತಮ್ಮ. ನಾನು ಕೂಗದಿದ್ದರೆ ಗೋಲು ಆಗುತ್ತಿತ್ತು” ಎಂದೆ. ನಿಜವಾಗಿಯೂ ಅಳು ಬರುವಂತಾಗಿತ್ತು.

“ಯಾರನ್ನು ಕರೆದರು ಅಂತ ನೋಡಿದೆ ಮಾಸ್ಟ್ರೇ” ಎಂದರು ಅವರು. “ನನಗೆ ಗೊತ್ತೇ ಆಗ್ಲಿಲ್ಲ. ಆ ಹೆಸರಲ್ಲಿ ನನ್ನನ್ನು ಕರೆದು ನಲವತ್ತೆಂಟು ವರ್ಷ ಆಯ್ತು. ಶಾಲೆ ಹಾಜರಿಯಲ್ಲಿ ಇತ್ತು, ಮದುವೆ ಕಾಗದದಲ್ಲಿ ಇತ್ತು. ಆಮೇಲೆ ಇಲ್ಲ.”

ಜೋಡಿಸಿಟ್ಟಿದ್ದ ಕಾಗದವನ್ನೇ ನಾನು ಮತ್ತೆ ಜೋಡಿಸಿದೆ.

“ಗೋಲು ಹೋಗ್ಲಿ. ಇನ್ನೊಂದು ಸಲ ಹೇಳಿ” ಎಂದರು.

ಮೈಕ್ ಪೆಟ್ಟಿಗೆಯಲ್ಲಿತ್ತು. ನಾನು ಮತ್ತೆ ಕುರ್ಚಿ ಹತ್ತಿದೆ. ತರಗತಿಯಲ್ಲಿ ಕೂಗಿ ಕೂಗಿ ಪಳಗಿದ ನನ್ನ ಬರಿ ಗಂಟಲಿನಲ್ಲಿ, ಮೈದಾನದ ಆಚೆ ಜೀಪಿನ ಪಕ್ಕ ನಿಂತಿದ್ದ ಸುಬ್ಬಯ್ಯನವರಿಗೂ ಕೇಳುವಂತೆ, “ನೆಲ್ಲಿತೋಡಂಡ ಬೊಳ್ಳಮ್ಮ!” ಎಂದು ಕೂಗಿದೆ.

ಬೊಳ್ಳಮ್ಮನವರು ಕೈ ಎತ್ತಿ, “ಇದ್ದೇನೆ” ಎಂದರು.